ಲೇಸು

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ,
ಮೊಯ್ದು ಬೇಕರಿಯ ಮಹಡಿಯಲ್ಲಿ, ಗುರುವಾರ ಮೂರಕ್ಕೆ
ಟ್ಯಾಟಿಂಗ್ ಹೆಣೆಯಲು ಕೂರುವವರು ಒಂಬತ್ತು ಜನ,
ಲಾಳಿ ಎರಡು.
ಒಂದು ಸಿಸ್ಟರ್ ಅಪೊಲಿನಾ ಬಿಟ್ಟುಹೋದ ಉಕ್ಕಿನದು,
ಇನ್ನೊಂದು ಪ್ಲಾಸ್ಟಿಕ್ಕು, ಮೂತಿ ಸೀಳಿದ್ದು.
ಇಬ್ಬರು ಕೈಯಲ್ಲಿ ಹೆಣೆದರೆ
ಉಳಿದವರು ಬಾಯಲ್ಲಿ ಹೆಣೆಯುತ್ತಿದ್ದೆವು:
ಯಾರ ಸೊಸೆ, ಯಾರ ಮೊಣಕಾಲು, ಯಾರ ತೋಟಕ್ಕೆ ಆನೆ.

ಮೈಸೂರಿನ ಅಂಗಡಿಯವನು ಕೇಳಿದ,
"ಲಾಳಿಯೇ? ಮಗ್ಗ ಇಟ್ಟಿದ್ದೀರಾ?"
ಮಗ್ಗವಿಲ್ಲ ಮಾರಾಯ, ಬೆರಳಿದೆ.

ನಾನು ಎಸ್ಟೇಟಿನ ರೈಟರು, ಹಾಜರಿ ಬರೆಯುವ ಕೈ.
ಕಾಂಡಕೊರಕ ತಿಂದು ಕಿತ್ತುಹಾಕಿದ ಅರೇಬಿಕಾ
ಆಫೀಸಿನ ಹಿಂದೆ ಸೌದೆಯಾಗಿ ಬಿದ್ದಿತ್ತು.
ಕೊಯ್ದರೆ ಒಳಗೆ
ಹಾಲು ಹೆಚ್ಚಾದ ಚಹದ ಬಣ್ಣ.

ಕೋವಿಗೆ ಹಿಡಿ ಕೂರಿಸುವ ಚಾತು ಆಚಾರಿ
ಸವೆದ ಅರವೊಂದನ್ನು ಕೊಟ್ಟು ನಕ್ಕರು:
"ಇಷ್ಟು ಸಣ್ಣ ದೋಣಿ ಯಾವ ಹೊಳೆಗೆ?"

ಮೊದಲ ನಾಲ್ಕು ನಿಜಕ್ಕೂ ದೋಣಿಗಳೇ.
ಲೈನಿನ ಮಕ್ಕಳು ಸಿಮೆಂಟು ತೊಟ್ಟಿಯಲ್ಲಿ ತೇಲಿಬಿಟ್ಟರು.
ಐದನೆಯದರ ತುಟಿ ಬಿಗಿ, ದಾರ ಹೊರಬರಲೊಲ್ಲದು.
ಆರನೆಯದು ವಾಚಾಳಿ,
ಕೈ ಜಾರಿದರೆ ಸುತ್ತಿದ್ದೆಲ್ಲ ನೆಲಕ್ಕೆ.
ಎರಡು ತುಟಿ ಕೂಡಿಯೂ ಕೂಡದಂತಿರಬೇಕು,
ನಡುವೆ ದಾರ ದಾಟುವಾಗ ಟಿಕ್ ಅನ್ನಬೇಕು,
ಗೋಡೆಯ ಹಲ್ಲಿ ಲೊಚಗುಟ್ಟಿ ಹೌದೆಂದ ಹಾಗೆ.

ಗಾಜಿನ ಚೂರಿನಲ್ಲಿ ಹೆರೆದೆ. ಉಪ್ಪುಕಾಗದ ಉಜ್ಜಿದೆ.
ಅಂಟು ಹಚ್ಚಿ, ಸೈಕಲ್ ಟ್ಯೂಬು ಬಿಗಿದು ಒಂದು ರಾತ್ರಿ ಬಿಟ್ಟೆ.
ಜೇನುಮೇಣ ತಿಕ್ಕಿ
ಹಳೆಯ ನೈಲಾನ್ ಸೀರೆಯ ಮೇಲೆ ಎಳೆದು ನೋಡಿದೆ:
ಎಲ್ಲಿ ಎಳೆ ಸಿಕ್ಕಿಕೊಂಡಿತೋ
ಅಲ್ಲಿ ಅದಿನ್ನೂ ಮರ.

ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಅಳತೆ:
ಬೊಳ್ಳವ್ವ, ಹೆಬ್ಬೆರಳು ಮಡಚುವುದಿಲ್ಲ, ಅಗಲ ಹೆಚ್ಚು.
ಜಸಿಂತಾ ಬಸ್ಸಿನಲ್ಲಿ ಹೆಣೆಯುವವಳು, ಪರ್ಸಿಗೆ ಹಿಡಿಸುವಷ್ಟು.
ಸಫಿಯಾ, ಎಡಗೈ... ಬರೆದು ಹೊಡೆದುಹಾಕಿದೆ;
ಲಾಳಿಗೆಲ್ಲಿಯ ಎಡ, ಎಲ್ಲಿಯ ಬಲ.

ಏಳು ಬೇಕಿತ್ತು. ಆರು ಒಪ್ಪವಾದವು.
ಏಳನೆಯದರ ನಡುಗಂಬದಲ್ಲಿ
ಹುಳುವಿನ ತೂತು, ಆರಪಾರ.
ಅಂಟಿಸುವಾಗ ಕಣ್ಣಿಗೆ ಬೀಳಲಿಲ್ಲ.
ನನಗೇ ಇರಲೆಂದು ಡಬ್ಬಿಯ ತಳಕ್ಕೆ ತಳ್ಳಿದ್ದೆ.

ಚೋಂದವ್ವನಿಗೆ ಮಾತು ಕಮ್ಮಿ.
ಡಬ್ಬಿ ತಡಕಿದಳು, ಅದನ್ನೇ ಎತ್ತಿದಳು.
"ಹುಳ ತಿಂದಿದೆ, ಬೇರೆ ತಗೊ."
ಅವಳು ದಾರದ ತುದಿಯನ್ನು ನಾಲಗೆಗೆ ತಾಗಿಸಿ
ಆ ತೂತಿನಲ್ಲೇ ತೂರಿಸಿ, ಗಂಟು ಬಿಗಿದು,
ಸುತ್ತತೊಡಗಿದಳು.

ಉಳಿದ ಆರಕ್ಕೂ
ಕಾಯಿಸಿದ ದಬ್ಬಳದಿಂದ, ಬೆರಳು ಸುಟ್ಟುಕೊಂಡು
ನಾನು ಕೊರೆದದ್ದು ಅದೇ ತೂತು,
ಅದೇ ಜಾಗದಲ್ಲಿ.

ಸಿಸ್ಟರ್ ಹೇಳಿಕೊಟ್ಟ ಗುಟ್ಟು ಒಂದೇ:
ಲಾಳಿಯ ದಾರ ಹಾಕಿದ ಗಂಟು
ಕೈಯ ದಾರಕ್ಕೆ ಮಗುಚಿಕೊಳ್ಳಬೇಕು.
ಎಡಗೈ ಸಡಿಲ ಬಿಡು, ಬಲಗೈ ಎಳೆ.
ಮಗುಚದ ಗಂಟು ಜಾರದು,
ಜಾರದಿದ್ದರೆ ಉಂಗುರ ಮುಚ್ಚದು.
ಕಲಿಯಲು ನನಗೆ ಒಂದು ಮಳೆಗಾಲ ಹಿಡಿದಿತ್ತು.
ಮರೆತಿದ್ದೆನೇನೋ.

ಅವತ್ತು ಸೊಸೆಯಿಲ್ಲ, ಮೊಣಕಾಲಿಲ್ಲ, ಆನೆಯೂ ಬರಲಿಲ್ಲ.
ಒಂಬತ್ತು ಹಲ್ಲಿಗಳು, ಅಷ್ಟೆ.
ಸದ್ದಡಗಿದ್ದಕ್ಕೆ ಗಾಬರಿಯಾಗಿ
ಮೊಯ್ದು ಮೆಟ್ಟಿಲ ಕೆಳಗಿನಿಂದ ಕೂಗಿದ:
"ಏನು ಮಾಡ್ತಿದ್ದೀರಿ?"
"ಲೇಸು" ಅಂದೆವು.
"ಯಾರಿಗೆ?"

ನಗು ತಡೆಯದೆ ಲೆಕ್ಕ ತಪ್ಪಿ
ಜಸಿಂತಾ ಒಂದು ಉಂಗುರ ಕತ್ತರಿಸಬೇಕಾಯಿತು.